ಸೆಮಿನಾರ್‌ನ ಹುಮ್ಮಸ್ಸು ಬುಧವಾರಕ್ಕೇ ಇಳಿದುಹೋಗುತ್ತಾ? ನೆಟ್‌ವರ್ಕ್ ಮಾರ್ಕೆಟಿಂಗ್ ಮಾಡುವವರು ಇದನ್ನು ಓದಿ

ಕಂಪನಿಯ ಸಾಮಾನನ್ನು ನಾವೇ ಜನರಿಗೆ ಮಾರುವುದು, ಬೇರೆಯವರನ್ನೂ ನಮ್ಮ ಕೆಳಗೆ ಟೀಮಾಗಿ ಸೇರಿಸಿ ಅವರ ಮಾರಾಟದಿಂದಲೂ ಕಮಿಷನ್ ಪಡೆಯುವುದು, ಇದೇ ನೆಟ್‌ವರ್ಕ್ ಮಾರ್ಕೆಟಿಂಗ್. ಭಾನುವಾರ ಇದರ ಸೆಮಿನಾರ್ ಮುಗಿಸಿ ಬಂದ ರಾತ್ರಿ ನಿದ್ದೆ ಹತ್ತುವುದಿಲ್ಲ. ಯಾರಿಗೆ ಫೋನ್ ಮಾಡಬೇಕು, ಯಾರನ್ನು ಟೀಮಿಗೆ ಕರೆಯಬೇಕು, ಮುಂದಿನ ರ‍್ಯಾಂಕ್ ಯಾವ ತಿಂಗಳು ಅಂತ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಸೋಮವಾರ ನಾಲ್ಕು ಜನಕ್ಕೆ ಫೋನ್ ಮಾಡುತ್ತೀರಿ. ಇಬ್ಬರು ಎತ್ತುವುದಿಲ್ಲ. ಒಬ್ಬರು ಆಮೇಲೆ ನಾನೇ ಮಾಡ್ತೀನಿ ಅನ್ನುತ್ತಾರೆ. ನಾಲ್ಕನೆಯವರು "ಓ, ಚೈನ್ ಬಿಸಿನೆಸ್ಸಾ?" ಅಂತ ನಕ್ಕುಬಿಡುತ್ತಾರೆ. ಬುಧವಾರದ ಹೊತ್ತಿಗೆ ಹೆಸರು ಬರೆದಿಟ್ಟ ನೋಟ್‌ಬುಕ್ ಬ್ಯಾಗಿನ ತಳ ಸೇರಿರುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಇನ್ನೊಂದು ಸೆಮಿನಾರ್, ಇನ್ನೊಂದು ಮೋಟಿವೇಶನ್ ವಿಡಿಯೊ, ಗೋಡೆಗೆ ಕಾರಿನ ಫೋಟೊ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಸ್ಟೇಜ್ ಮೇಲಿಂದ ಬರುವ ಹುಮ್ಮಸ್ಸು ಉಕ್ಕುವ ಹಾಲಿನ ಹಾಗೆ, ಉರಿ ತೆಗೆದ ಕೂಡಲೇ ಕೂತುಬಿಡುತ್ತದೆ. ವರ್ಷಗಟ್ಟಲೆ ಈ ಕೆಲಸದಲ್ಲಿ ನಿಂತವರಲ್ಲಿ ನಾನು ಕಂಡಿದ್ದು ಎರಡೇ ಸಂಗತಿ. ಯಾರ ಒತ್ತಾಯವೂ ಇಲ್ಲದೆ ಎರಡನೇ ಸಲ ತಾವೇ ಫೋನ್ ಮಾಡಿ ಸಾಮಾನು ಕೇಳುವ ಗಿರಾಕಿಗಳು ಅವರಿಗಿದ್ದಾರೆ. ಸುಳ್ಳು ಹೇಳದ ಒಂದು ಲೆಕ್ಕದ ಪುಸ್ತಕ ಅವರ ಹತ್ತಿರ ಇದೆ. ಇವೆರಡು ಇದ್ದರೆ ಕೆಟ್ಟ ವಾರವನ್ನೂ ದಾಟಬಹುದು. ಇವೆರಡೂ ಇಲ್ಲದಿದ್ದರೆ ಯಾವ ಭಾಷಣವೂ ಕೈ ಹಿಡಿಯುವುದಿಲ್ಲ.

ಮೊದಲು, ಕಂಪನಿ ನಿಮ್ಮ ದುಡಿಮೆಗೆ ಯೋಗ್ಯವಾ ನೋಡಿ

ಮನಸ್ಸು ಹಿಂದೇಟು ಹಾಕುತ್ತಿದ್ದರೆ ಅದನ್ನು ತಕ್ಷಣ ಸೋಮಾರಿತನ ಅನ್ನಬೇಡಿ. ಕೆಲವು ಸಲ ಅದಕ್ಕೆ ಸರಿಯಾದ ಕಾರಣವೇ ಇರುತ್ತದೆ. ನೀವು ಮಾರುತ್ತಿರುವುದು ನಿಮಗೇ ದುಬಾರಿ ಅನ್ನಿಸುತ್ತಿದೆಯಾ? ಯಾರಾದರೂ "ಇದರಲ್ಲಿ ದುಡ್ಡು ಎಲ್ಲಿಂದ ಬರುತ್ತೆ?" ಅಂತ ಕೇಳಿದರೆ ನೇರವಾಗಿ ಉತ್ತರ ಹೇಳೋಕೆ ಆಗುತ್ತಿಲ್ಲವಾ? ಹಾಗಿದ್ದರೆ ಬೇಕಾಗಿರುವುದು ಹುಮ್ಮಸ್ಸಲ್ಲ, ವಿಚಾರಣೆ.

ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಡೈರೆಕ್ಟ್ ಸೆಲ್ಲಿಂಗ್ (ಅಂಗಡಿ ಇಲ್ಲದೆ ನೇರವಾಗಿ ಗಿರಾಕಿಗೆ ಮಾರುವುದು, ನೆಟ್‌ವರ್ಕ್ ಮಾರ್ಕೆಟಿಂಗ್ ಕೂಡ ಇದರಲ್ಲೇ ಬರುತ್ತದೆ) ನಿಯಮಗಳನ್ನು ತಂದಿದೆ. ಅದರ ಪ್ರಕಾರ ಪಿರಮಿಡ್ ಸ್ಕೀಮ್ (ಸಾಮಾನಿನ ಮಾರಾಟದಿಂದಲ್ಲ, ಜನರನ್ನು ಸೇರಿಸುವುದರಿಂದಲೇ ದುಡ್ಡು ಬರುವ ಸ್ಕೀಮ್) ನಡೆಸುವಂತಿಲ್ಲ, ಹಣ ಸುತ್ತಿಸುವ ಸ್ಕೀಮಿಗೂ ಜನರನ್ನು ಸೇರಿಸುವಂತಿಲ್ಲ. ಹಣ ಸುತ್ತಿಸುವ ಸ್ಕೀಮುಗಳನ್ನು 1978ರ ಕಾಯ್ದೆಯೇ ನಿಷೇಧಿಸಿತ್ತು. ಸೇರುವುದಕ್ಕೆ ಫೀಸ್ ಕೇಳಬಾರದು, ಡೆಮೊ ಸಾಮಾನಿಗೆ ದುಡ್ಡು ಕಟ್ಟಿಸಬಾರದು, ಮಾರಾಟವಾಗದೆ ಉಳಿದ ಒಳ್ಳೆ ಸರಕನ್ನು ವಾಪಸ್ ತಗೊಳ್ಳಬೇಕು ಅಂತ 2016ರ ಮಾರ್ಗಸೂಚಿಯಲ್ಲೇ ಇದೆ. "ನೀವು ತಗೊಳ್ಳಿ, ಇಬ್ಬರನ್ನು ಸೇರಿಸಿದರೆ ನಿಮ್ಮ ದುಡ್ಡು ವಾಪಸ್" ಅಂತ ಹೇಳಿ ಮಾರುವುದಕ್ಕೂ ಈಗಿನ ನಿಯಮದಲ್ಲಿ ಅವಕಾಶವಿಲ್ಲ. ನಿಮ್ಮ ಅಪ್‌ಲೈನ್, ಅಂದರೆ ನಿಮ್ಮನ್ನು ಸೇರಿಸಿಕೊಂಡ ಮೇಲಿನವರು, ನಿಮಗೆ ಕಲಿಸಿಕೊಟ್ಟ ಮಾತೇ ಇದಾಗಿದ್ದರೆ ಅಲ್ಲೇ ನಿಲ್ಲಿ.

ದೊಡ್ಡ ಹೆಸರು ಅಂದ ಮಾತ್ರಕ್ಕೆ ಪ್ರಶ್ನೆ ಕೇಳುವುದನ್ನು ಬಿಡಬೇಡಿ. 1998ರಿಂದ ಇಲ್ಲಿ ವ್ಯಾಪಾರ ಮಾಡುತ್ತಿರುವ ಆಮ್‌ವೇ ಕಂಪನಿಯ 757 ಕೋಟಿ ರೂಪಾಯಿಗೂ ಹೆಚ್ಚಿನ ಆಸ್ತಿಯನ್ನು ಜಾರಿ ನಿರ್ದೇಶನಾಲಯ 2022ರ ಏಪ್ರಿಲ್‌ನಲ್ಲಿ ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿಕೊಂಡಿತ್ತು. ತನಿಖೆಗೆ ಸಹಕರಿಸುತ್ತಿದ್ದೇವೆ ಅಂತ ಕಂಪನಿ ಹೇಳಿತ್ತು. ಅಷ್ಟು ದೊಡ್ಡ ಕಂಪನಿಯನ್ನೇ ಪ್ರಶ್ನೆ ಕೇಳುವಾಗ, ನಿಮ್ಮ ಹೆಸರಲ್ಲಿ ಐಡಿ (ಸದಸ್ಯತ್ವದ ನಂಬರ್) ಮಾಡಿಸುವ ಮುಂಚೆ ನೀವೂ ಕೇಳುವುದರಲ್ಲಿ ತಪ್ಪೇನಿದೆ?

ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಒಂದೇ. ಟೀಮಿಗೆ ಸೇರುವ ಆಸೆ ಚೂರೂ ಇಲ್ಲದವರು ಈ ಸಾಮಾನನ್ನು ಈ ರೇಟಿಗೆ ಕೊಳ್ಳುತ್ತಾರಾ? ಹೌದು ಅಂದರೆ ಮುಂದೆ ಓದಿ. ಕೊಳ್ಳುತ್ತಿರುವವರೆಲ್ಲ ಐಡಿ ಇರುವವರೇ ಆಗಿದ್ದರೆ ಅದು ವ್ಯಾಪಾರ ಅಲ್ಲ.

ಕನಸಿನ ಲೆಕ್ಕ ಬೇಡ, ಕೈಗೆ ಬರುವ ಲೆಕ್ಕ ಹಾಕಿ

ಪ್ಲಾನ್ ತೋರಿಸುವಾಗ ಬೋರ್ಡ್ ಮೇಲೆ ಗೋಲ ಬರೆಯುತ್ತಾರಲ್ಲ, ನೀವು 6 ಜನ, ಆ 6 ಜನ ತಲಾ 6 ಅಂತ, ಅದನ್ನು ಹತ್ತನೇ ಸಾಲಿನವರೆಗೆ ನೀವೇ ಗುಣಿಸಿ ನೋಡಿ. ಹತ್ತನೇ ಸಾಲೊಂದರಲ್ಲೇ 6,04,66,176 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ, ಅದರಲ್ಲಿ ತೊಟ್ಟಿಲ ಮಕ್ಕಳೂ ಸೇರಿದ್ದರು. ಹಾಗಾಗಿ ಆ ಗೋಲಗಳನ್ನು ನಂಬಿ ಗುರಿ ಇಟ್ಟುಕೊಂಡವರಿಗೆ ಮೂರನೇ ತಿಂಗಳಲ್ಲೇ ನಿರಾಸೆ ಖಚಿತ. ಆ ನಿರಾಸೆಗೆ ನೀವು ಕಾರಣರಲ್ಲ, ಲೆಕ್ಕವೇ ಹಾಗಿದೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇಂಥ 70 ಕಂಪನಿಗಳು ಪ್ರಕಟಿಸಿದ ಆದಾಯದ ವಿವರಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಸೇರಿದವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಅದೂ ಖರ್ಚು ಕಳೆಯುವ ಮುಂಚೆ. ಅಲ್ಲಿಯ ಕಥೆ ಅದು, ಆದರೆ ಮಾಡುವ ಕೆಲಸದ ರೀತಿ ಎಲ್ಲ ಕಡೆಯೂ ಒಂದೇ. ಇದನ್ನು ಹೆದರಿಸುವುದಕ್ಕೆ ಹೇಳುತ್ತಿಲ್ಲ. ಮೊದಲೇ ಗೊತ್ತಿದ್ದರೆ ಮನಸ್ಸು ಒಡೆಯುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಈಗ ಕೈಗೆ ಸಿಗುವ ಲೆಕ್ಕ ನೋಡಿ. ಉದಾಹರಣೆಗೆ ತಿಂಗಳಿಗೆ ತಲಾ 700 ರೂಪಾಯಿ ಸಾಮಾನು ತಗೊಳ್ಳುವ 20 ಮನೆ ಇವೆ ಅಂತ ಇಟ್ಟುಕೊಳ್ಳಿ. ಒಟ್ಟು 14,000. ನಿಮ್ಮ ಮಾರ್ಜಿನ್ ನೂರಕ್ಕೆ 20 ಅಂದರೆ 2,800. ಪೆಟ್ರೋಲ್, ರೀಚಾರ್ಜ್, ಸ್ಯಾಂಪಲ್ ಅಂತ 800 ಕಳೆದರೆ 2,000 ಉಳಿಯಿತು. ಸೆಮಿನಾರ್‌ನಲ್ಲಿ ಲಕ್ಷದ ಚೆಕ್ ನೋಡಿ ಬಂದವರಿಗೆ ಇದು ಸಣ್ಣದು ಅನ್ನಿಸಬಹುದು. ಆದರೆ ಗೃಹಲಕ್ಷ್ಮಿಯ 2,000 ಮನೆಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಅಷ್ಟೇ ದುಡ್ಡು ನಿಮ್ಮ ಕೈಯಾರೆ ಬಂದರೆ, ಇನ್ನೂ ಐದು ಮನೆ ಹುಡುಕುವ ಆಸೆ ತಾನಾಗಿ ಹುಟ್ಟುತ್ತದೆ. ಮೊದಲ ಗುರಿ ಈ 20 ಮನೆ. ರ‍್ಯಾಂಕ್ ಆಮೇಲೆ.

ಇನ್ನೊಂದು ಮಾತು. ಸಂಘದಿಂದ ಸಾಲ ತಂದು, ಚಿನ್ನ ಅಡವಿಟ್ಟು ಸ್ಟಾಕ್ ಹಾಕಬೇಡಿ. ವಾರದ ಕಂತು ತಲೆ ಮೇಲಿದ್ದಾಗ ಗಿರಾಕಿಯ ಮುಖ ನೋಡಿದರೂ ಕಂತೇ ಕಾಣುತ್ತದೆ. ಆ ಆತುರ ಎದುರಿಗಿದ್ದವರಿಗೆ ಗೊತ್ತಾಗಿಬಿಡುತ್ತದೆ, ಅವರು ಇನ್ನಷ್ಟು ದೂರ ಸರಿಯುತ್ತಾರೆ.

ಪುಸ್ತಕ ಹೇಗೆ ಬರೆಯಬೇಕು

200 ಪುಟದ ಒಂದು ಲಾಂಗ್ ಬುಕ್ ಸಾಕು. ಆ್ಯಪ್ ಬೇಡ ಅನ್ನುವುದಿಲ್ಲ, ಆದರೆ ಕೈಯಲ್ಲಿ ಬರೆದದ್ದು ನೆನಪಿರುತ್ತದೆ. ಮುಂದಿನಿಂದ ಜನರ ವಿಷಯ, ಹಿಂದಿನಿಂದ ದುಡ್ಡಿನ ವಿಷಯ.

ಮುಂದಿನ ಭಾಗದಲ್ಲಿ ತಾರೀಕು, ಯಾರು, ಅವರು ಏನಂದರು, ಮುಂದೆ ಯಾವಾಗ ಕೇಳಬೇಕು. "ಏನಂದರು" ಅನ್ನುವುದನ್ನು ಅವರ ಮಾತಲ್ಲೇ ಬರೆಯಿರಿ. "ಆಸಕ್ತಿ ಇಲ್ಲ" ಅಂತ ಬರೆದುಕೊಂಡರೆ ಆ ಹೆಸರು ಅಲ್ಲಿಗೆ ಮುಗಿಯಿತು. ಅದೇ ಹೀಗೆ ಬರೆದಿದ್ದೀರಿ ಅನ್ನಿ: "ಶೆಟ್ಟಿಹಳ್ಳಿ ಟೀಚರ್. ಪಾತ್ರೆ ತೊಳೆಯುವ ಲಿಕ್ವಿಡ್ ಇನ್ನೂ ಅರ್ಧ ಇದೆಯಂತೆ. ವಾಸನೆ ಸ್ವಲ್ಪ ಜಾಸ್ತಿ ಅಂದರು. ಮಗಳಿಗೆ ಪರೀಕ್ಷೆ, ಸಂಜೆ ಫೋನ್ ಬೇಡ. 18ಕ್ಕೆ ಮಧ್ಯಾಹ್ನ ಕೇಳುವುದು." ಬೇಜಾರಾದ ದಿನ ಈ ಪುಟ ತೆರೆದರೆ ಏನು ಮಾಡಬೇಕು ಅಂತ ಯೋಚಿಸುವ ಕೆಲಸವೇ ಇಲ್ಲ. 18ನೇ ತಾರೀಕು ಬಂದಿದೆ, ಮಧ್ಯಾಹ್ನ ಫೋನ್ ಮಾಡಬೇಕು, ಮೊದಲು ಮಗಳ ಪರೀಕ್ಷೆ ಹೇಗಾಯಿತು ಅಂತ ಕೇಳಬೇಕು. ಹುಮ್ಮಸ್ಸಿಗೆ ಕಾಯದೆ ಕೆಲಸ ಶುರುವಾಗುವುದು ಹೀಗೆ. ಮನಸ್ಸಿಲ್ಲದ ದಿನವೂ ಒಂದು ಫೋನ್ ಮಾಡಬಹುದು. ಆ ಕಡೆಯಿಂದ "ಹಾಂ, ಒಂದು ಬಾಟ್ಲು ತಂದುಕೊಡಿ" ಅಂತ ಬಂದರೆ ಎರಡನೇ ಫೋನಿಗೆ ಕೈ ತಾನಾಗಿ ಹೋಗುತ್ತದೆ.

ಹಿಂದಿನ ಭಾಗದಲ್ಲಿ ದುಡ್ಡು. ಬಂದದ್ದು ಒಂದು ಕಡೆ, ಹೋದದ್ದು ಇನ್ನೊಂದು ಕಡೆ. ಹೋದದ್ದರಲ್ಲಿ ಜನ ಬಿಟ್ಟುಬಿಡುವುದು ಯಾವುದು ಅಂತ ಹೇಳುತ್ತೇನೆ: ಸೆಮಿನಾರ್ ಟಿಕೆಟ್, ಬೆಂಗಳೂರಿಗೆ ಹೋಗಿಬರುವ ಚಾರ್ಜು, ಮನೆ ಮೀಟಿಂಗಿಗೆ ತಂದ ಖಾರಾಬೂಂದಿ ಮತ್ತು ಕಾಫಿ, ಕೊರಿಯರ್, ನೆಂಟರು ಕೊಡದೆ ಉಳಿಸಿಕೊಂಡ ಬಾಕಿ. ಇವನ್ನೆಲ್ಲ ಬರೆಯಿರಿ. ಮನೆಗೆ ಅಂತ ತಗೊಂಡ ಸಾಮಾನನ್ನು ಬೇರೆ ಬರೆಯಿರಿ, ಅದು ಮಾರಾಟವಲ್ಲ. ಪಾಯಿಂಟ್ (ಬಿಲ್ ಹಾಕಿದಷ್ಟೂ ಕಂಪನಿ ಕೊಡುವ ಅಂಕ) ಬರುತ್ತದೆ ಅಂತ ನೀವೇ 5,000ದ ಸಾಮಾನು ತಗೊಂಡು 400 ಕಮಿಷನ್ ಬಂದರೆ ಆ ತಿಂಗಳು ನೀವು ದುಡಿದಿಲ್ಲ, ಖರ್ಚು ಮಾಡಿದ್ದೀರಿ. ಕಮಿಷನ್ ವರ್ಷಕ್ಕೆ 20,000 ದಾಟಿದರೆ ಕಂಪನಿ ನೂರಕ್ಕೆ 2ರಂತೆ ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತದೆ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟಿರಬೇಕು. ಟ್ಯಾಕ್ಸ್ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ ರಿಟರ್ನ್ ಹಾಕಿ ಆ ದುಡ್ಡು ವಾಪಸ್ ಪಡೆಯಬಹುದು.

ತಿಂಗಳ ಕೊನೆಗೆ ಒಂದೇ ಗೆರೆ ಎಳೆದು ಉಳಿದದ್ದೆಷ್ಟು ಅಂತ ಬರೆಯಿರಿ. ಮೈನಸ್ ಬಂದರೂ ಬರೆಯಿರಿ. ನಿಜ ಗೊತ್ತಿದ್ದವರಿಗೆ ಬೇರೆಯವರ ಸ್ಟೇಟಸ್ ನೋಡಿ ಹೊಟ್ಟೆ ಉರಿಯುವುದೂ ಕಡಿಮೆ, ಸುಮ್ನೆ ಉಬ್ಬುವುದೂ ಕಡಿಮೆ.

ಬೇಡ ಅಂದವರ ಮಾತು ಹೇಗೆ ತಗೊಳ್ಳುವುದು

ಈ ಕೆಲಸದಲ್ಲಿ ಮನಸ್ಸನ್ನು ಕುಗ್ಗಿಸುವುದು ಇದೇ. ನಮ್ಮ ಜನ ನೇರವಾಗಿ ಬೇಡ ಅನ್ನುವುದು ಅಪರೂಪ. ಮುಖ ಮುರಿಯೋಕೆ ಮನಸ್ಸಾಗದೆ ಸುತ್ತಿ ಹೇಳುತ್ತಾರೆ. ನಾವು ಅದನ್ನು ಹೌದು ಅಂದುಕೊಂಡು ವಾರಗಟ್ಟಲೆ ಹಿಂದೆ ಬೀಳುತ್ತೇವೆ, ಕೊನೆಗೆ ಅವರು ಫೋನ್ ಎತ್ತುವುದನ್ನೇ ಬಿಟ್ಟಾಗ ನೋವಾಗುತ್ತದೆ. ಮಾತಿನ ತೂಕ ಮೊದಲೇ ತಿಳಿದರೆ ಈ ನೋವು ಅರ್ಧ ಇಳಿಯುತ್ತದೆ.

"ನೋಡೋಣ" ಅಂದರೆ ಹತ್ತರಲ್ಲಿ ಒಂಬತ್ತು ಸಲ ಬೇಡ ಅಂತಲೇ. ನಗುತ್ತಲೇ ಕೇಳಿಬಿಡಿ: "ಬೇಡ ಅನ್ನಿಸಿದರೆ ಹೇಳಿಬಿಡಿ ಅಕ್ಕಾ, ನನಗೇನೂ ಬೇಜಾರಿಲ್ಲ." ಬಹಳ ಜನ ಆಗ ಹಗುರಾಗಿ ನಿಜ ಹೇಳುತ್ತಾರೆ, ಸಂಬಂಧವೂ ಉಳಿಯುತ್ತದೆ.

"ಮನೇಲಿ ಕೇಳಿ ಹೇಳ್ತೀನಿ" ಅನ್ನುವುದು ನಿಜವೂ ಇರಬಹುದು. ಮನೆ ಖರ್ಚಿನ ನಿರ್ಧಾರ ಅತ್ತೆಯದೋ ಗಂಡನದೋ ಆಗಿದ್ದರೆ ಅವರೂ ಇದ್ದಾಗ ಬರಲಾ ಅಂತ ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ.

"ರೇಟು ಜಾಸ್ತಿ ಆಯ್ತು" ಅಂದವರು ನಿಮ್ಮ ಒಳ್ಳೆಯ ಗಿರಾಕಿ ಆಗಬಹುದು. ಅವರು ಯೋಚನೆ ಮಾಡಿದ್ದಾರೆ ಅಂತ ಅರ್ಥ. ಇಂಥ ಕಡೆ ಭಾಷಣ ಬೇಡ, ಲೆಕ್ಕ ತೋರಿಸಿ. ಗುಬ್ಬಿ ಕಡೆಯ ಒಬ್ಬ ಅಕ್ಕ ಮಾರುವ ರೀತಿ ನನಗೆ ಬಹಳ ಇಷ್ಟ. ಅವರು ಪಾಂಪ್ಲೆಟ್ ತೆಗೆಯುವುದೇ ಇಲ್ಲ. ನೇರ ಸಿಂಕಿನ ಹತ್ತಿರ ಹೋಗಿ, ಹಾಲು ತಳ ಹಿಡಿದ ಪಾತ್ರೆ ಇದ್ದರೆ ಕೊಡಿ ಅನ್ನುತ್ತಾರೆ. ಒಂದು ಲೋಟ ನೀರಿಗೆ ಅಳತೆಯ ಮುಚ್ಚಳದಲ್ಲಿ ಲಿಕ್ವಿಡ್ ಹಾಕಿ ಕಲಸಿ, ಅದನ್ನು ಪಾತ್ರೆಗೆ ಸುರಿದು, ಐದು ನಿಮಿಷ ಮನೆಯವರ ಜೊತೆ ಮಾತಾಡಿಕೊಂಡು ಕೂರುತ್ತಾರೆ. ಆಮೇಲೆ ನಾರನ್ನು ಮನೆಯಾಕೆಯ ಕೈಗೇ ಕೊಟ್ಟು ಉಜ್ಜಿಸುತ್ತಾರೆ. ಬಾಟಲಿ ಮೇಲೆ ಪೆನ್ನಿನಲ್ಲಿ ತಾರೀಕು ಬರೆದು, "ಇದು ಎಷ್ಟು ದಿನ ಬರುತ್ತೆ ನೀವೇ ನೋಡಿ, ನಿಮ್ಮ ಸೋಪಿಗೆ ತಿಂಗಳಿಗೆ ಎಷ್ಟಾಗುತ್ತೆ ಅದನ್ನೂ ನೋಡಿ, ಜಾಸ್ತಿ ಅನ್ನಿಸಿದರೆ ಮುಂದಿನ ಸಲ ತಗೋಬೇಡಿ" ಅಂತ ಹೇಳಿ ಎದ್ದುಬರುತ್ತಾರೆ. ಟೀಮಿಗೆ ಸೇರಿ ಅನ್ನುವ ಮಾತು ಅವರ ಬಾಯಲ್ಲಿ ಮೊದಲ ಭೇಟಿಯಲ್ಲಿ ಬರುವುದೇ ಇಲ್ಲ. ಅವರಿಗೆ ಹುಮ್ಮಸ್ಸು ಕಡಿಮೆಯಾಗಿದ್ದನ್ನು ನಾನು ನೋಡಿಲ್ಲ, ಯಾಕೆಂದರೆ ಅವರು ಯಾರ ಹತ್ತಿರವೂ ಏನನ್ನೂ ಮುಚ್ಚಿಟ್ಟಿಲ್ಲ.

"ಚೈನ್ ಬಿಸಿನೆಸ್ ಅಲ್ವಾ ಇದು?" ಅಂತ ಕೇಳಿದಾಗ ಸಿಟ್ಟಾಗಬೇಡಿ. ಅವರ ಮನೆಯಲ್ಲಿ ಯಾರೋ ಇಂಥದ್ದರಲ್ಲಿ ದುಡ್ಡು ಕಳೆದುಕೊಂಡಿರಬಹುದು. "ನೀವು ಯಾರನ್ನೂ ಸೇರಿಸಬೇಕಾಗಿಲ್ಲ, ನಾನು ಸಾಮಾನು ಮಾರೋಕೆ ಬಂದಿದ್ದೇನೆ, ಇದು ನನ್ನ ಐಡಿ ಕಾರ್ಡು" ಅಂದರೆ ಸಾಕು. ಐಡಿ ಕಾರ್ಡ್ ಇಲ್ಲದೆ, ಮೊದಲೇ ಕೇಳಿಕೊಳ್ಳದೆ ಗಿರಾಕಿ ಮನೆಗೆ ಹೋಗಬಾರದು ಅಂತ 2021ರ ನಿಯಮದಲ್ಲೇ ಇದೆ. ಯಾರು, ಯಾವ ಕಂಪನಿ, ಯಾಕೆ ಬಂದಿದ್ದೀರಿ ಅಂತ ಮೊದಲೇ ಹೇಳಬೇಕು ಅಂತಲೂ ಇದೆ. ನನ್ನ ಅನುಭವದಲ್ಲಿ ಈ ನಿಯಮ ಪಾಲಿಸಿದವರಿಗೇ ಧೈರ್ಯ ಜಾಸ್ತಿ. "ಒಂದು ಒಳ್ಳೆ ಆಪರ್ಚುನಿಟಿ ಇದೆ, ಫೋನಲ್ಲಿ ಹೇಳೋಕಾಗಲ್ಲ, ಮೀಟ್ ಆಗೋಣ" ಅಂತ ಕರೆಯುವವರು ಪ್ರತಿ ಸಲವೂ ಒಳಗೊಳಗೇ ಹೆದರುತ್ತಿರುತ್ತಾರೆ. ಆ ಹೆದರಿಕೆಯೇ ದಿನದ ಶಕ್ತಿಯನ್ನೆಲ್ಲ ತಿಂದುಹಾಕುತ್ತದೆ. ಬದಲಿಗೆ ಹೀಗೆ ಮೆಸೇಜ್ ಹಾಕಿ ನೋಡಿ:

"ನಮಸ್ತೆ ಅಕ್ಕಾ. ನಾನೀಗ ಮನೆ ಬಳಕೆ ಸಾಮಾನು ಮಾರುತ್ತಿದ್ದೇನೆ, ಡೈರೆಕ್ಟ್ ಸೆಲ್ಲಿಂಗ್ ಕಂಪನಿಯದು." ಇಲ್ಲಿ ಕಂಪನಿ ಹೆಸರು ಹಾಕಿ. "ಹತ್ತು ನಿಮಿಷ ತೋರಿಸಬೇಕು. ತಗೊಳ್ಳಲೇಬೇಕು ಅಂತಿಲ್ಲ. ಶನಿವಾರ ಸಂಜೆ ಬರಲಾ? ಆಗಲ್ಲ ಅಂದರೂ ಪರವಾಗಿಲ್ಲ."

ಶುಗರ್ ವಾಸಿಯಾಗುತ್ತೆ, ಥೈರಾಯ್ಡ್ ಮಾತ್ರೆ ಬಿಡಬಹುದು ಅನ್ನುವ ಮಾತು ಮಾತ್ರ ಯಾವತ್ತೂ ಆಡಬೇಡಿ. ಮಧುಮೇಹದಂಥ ಕಾಯಿಲೆಗೆ ಔಷಧಿ ಅಂತ ಜಾಹೀರಾತು ಮಾಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಕಾನೂನಿನ ಮಾತು ಒಂದು ಕಡೆ ಇರಲಿ. ನಿಮ್ಮ ಮಾತು ನಂಬಿ ಒಬ್ಬರು ಮಾತ್ರೆ ಬಿಟ್ಟರೆ ಅವರ ಜೀವಕ್ಕೆ ಅಪಾಯ.

ಮದುವೆ ಮನೆಯಲ್ಲಿ, ತಿಥಿ ಊಟದಲ್ಲಿ, ಮಕ್ಕಳ ಸ್ಕೂಲ್ ಗೇಟಿನಲ್ಲಿ ಬಿಸಿನೆಸ್ ಮಾತು ತೆಗೆಯಬೇಡಿ. ನೆಂಟರು ನಿಮ್ಮನ್ನು ಕಂಡರೆ ಪಕ್ಕಕ್ಕೆ ಸರಿಯುವ ಪರಿಸ್ಥಿತಿ ಬಂದರೆ, ಆ ಒಂಟಿತನವನ್ನು ಯಾವ ರ‍್ಯಾಂಕೂ ತುಂಬಿಕೊಡುವುದಿಲ್ಲ.

ಮನೆಯವರ ಜೊತೆ ಮೊದಲೇ ಮಾತಾಡಿ

"ನೆಗೆಟಿವ್ ಜನರಿಂದ ದೂರ ಇರಿ, ಮನೆಯವರಾದರೂ ಸರಿ" ಅಂತ ಕೆಲವು ಲೀಡರ್‌ಗಳು ಹೇಳುತ್ತಾರೆ. ಇದು ತುಂಬಾ ಕೆಟ್ಟ ಸಲಹೆ. ನಿಮ್ಮ ದುಡ್ಡಿನ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಇರುವುದೇ ಮನೆಯವರಿಗೆ. ಅವರ ಹತ್ತಿರ ಮೂರು ವಿಷಯ ಒಪ್ಪಂದ ಮಾಡಿಕೊಳ್ಳಿ. ತಿಂಗಳಿಗೆ ಇಷ್ಟೇ ದುಡ್ಡು ಹಾಕುತ್ತೇನೆ. ವಾರದಲ್ಲಿ ಇಂಥ ಎರಡು ಸಂಜೆ ಮತ್ತು ಭಾನುವಾರ ಅರ್ಧ ದಿನ ಇದಕ್ಕೆ. ತಿಂಗಳ ಕೊನೆಗೆ ಪುಸ್ತಕ ತೋರಿಸುತ್ತೇನೆ. ಪುಸ್ತಕ ತೋರಿಸಿದ ಮೇಲೆ ಗಂಡನೋ ಅತ್ತೆಯೋ ಸುಮ್ಮನಿದ್ದರೂ ಸಾಕು, ಅದೇ ದೊಡ್ಡ ಬಲ. ಎಷ್ಟೋ ಮನೆಗಳಲ್ಲಿ ಮೊದಲು ಗೊಣಗಿದ ಅತ್ತೆಯೇ ಆಮೇಲೆ ಭಜನಾ ಮಂಡಳಿಯಲ್ಲಿ ನಾಲ್ಕು ಜನಕ್ಕೆ ಹೇಳಿದ್ದುಂಟು.

ಗಂಡಸರಿಗೂ ಇದೇ ಮಾತು. ಕೆಲಸ ಬಿಟ್ಟು ಫುಲ್ ಟೈಮ್ ಇಳಿಯುತ್ತೇನೆ ಅನ್ನುವವರು, ಖರ್ಚು ಕಳೆದು ಉಳಿಯುವ ದುಡ್ಡು ನಿಮ್ಮ ಸಂಬಳಕ್ಕೆ ಸಮನಾಗಿ ಒಂದು ವರ್ಷವಾದರೂ ಬಂದಿದೆಯಾ ನೋಡಿ. ಇಲ್ಲದಿದ್ದರೆ ಕೆಲಸ ಬಿಡಬೇಡಿ.

ಆಷಾಢ ಬರುತ್ತದೆ, ಹೋಗುತ್ತದೆ

ನಮ್ಮ ಕಡೆ ಎಲ್ಲ ತಿಂಗಳೂ ಒಂದೇ ಥರ ವ್ಯಾಪಾರ ಆಗುವುದಿಲ್ಲ. ಎಷ್ಟೋ ಜನ ಇದನ್ನು ಮರೆತು ತಮ್ಮನ್ನೇ ಬೈದುಕೊಳ್ಳುತ್ತಾರೆ. ಜೂನ್‌ನಲ್ಲಿ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮು, ಕೈಯಲ್ಲಿ ದುಡ್ಡಿರುವುದಿಲ್ಲ. ಆಷಾಢದಲ್ಲಿ ಹೊಸದು ಏನನ್ನೂ ಶುರು ಮಾಡುವುದಿಲ್ಲ, "ಆಷಾಢ ಕಳೀಲಿ" ಅನ್ನುತ್ತಾರೆ. ಅದು ನೆಪವಲ್ಲ, ನಂಬಿಕೆ. ಶ್ರಾವಣ ಬಂತೋ, ವರಮಹಾಲಕ್ಷ್ಮಿ, ಗೌರಿ ಗಣೇಶ ಅಂತ ಮನೆ ತೊಳೆಯುವ ಸಾಮಾನು ತಾನಾಗಿ ಹೋಗುತ್ತದೆ. ಪಿತೃಪಕ್ಷದಲ್ಲಿ ಮತ್ತೆ ತಣ್ಣಗೆ. ದಸರಾ, ದೀಪಾವಳಿಗೆ ಮತ್ತೆ ಏರುತ್ತದೆ. ಮಾರ್ಚ್ ಬಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗೆ ಹೋಗುವಂತೆಯೇ ಇಲ್ಲ. ಸಂಬಳದವರ ಮನೆಗೆ ತಿಂಗಳ ಮೊದಲ ಹತ್ತು ದಿನದಲ್ಲಿ ಹೋಗಿ. ತಿಪಟೂರು ಕಡೆ ಕೊಬ್ಬರಿ ಮಾರಿದಾಗ, ಅಡಿಕೆ ಸೀಮೆಯಲ್ಲಿ ಅಡಿಕೆ ಮಾರಿದಾಗ ಕೈಯಲ್ಲಿ ದುಡ್ಡಾಡುತ್ತದೆ.

ತಣ್ಣಗಿನ ತಿಂಗಳಲ್ಲಿ ಹೊಸಬರನ್ನು ಹುಡುಕುವ ಹಟ ಬಿಡಿ. ಹಳೆ ಗಿರಾಕಿಗಳಿಗೆ ಫೋನ್ ಮಾಡಿ, ಸಾಮಾನು ಹೇಗಿದೆ ಅಂತ ಮಾತ್ರ ಕೇಳಿ, ಆರ್ಡರ್ ಕೇಳಬೇಡಿ. ಡೆಮೊ ಅಭ್ಯಾಸ ಮಾಡಿ. ಬಾಕಿ ವಸೂಲಿ ಮಾಡಿ. ಕ್ಯಾಲೆಂಡರ್‌ನಲ್ಲಿ ಇದನ್ನೆಲ್ಲ ಮೊದಲೇ ಗುರುತು ಮಾಡಿಟ್ಟರೆ ಜುಲೈನಲ್ಲಿ ವ್ಯಾಪಾರ ಬಿದ್ದಾಗ ಎದೆ ಒಡೆಯುವುದಿಲ್ಲ.

ಅಪ್‌ಲೈನ್, ಗ್ರೂಪು, ತಿಂಗಳ ಕೊನೆ

ತಿಂಗಳ 28ಕ್ಕೆ ಫೋನ್ ಬರುತ್ತದೆ. "ಇನ್ನೊಂದು ಚೂರು ಪಾಯಿಂಟ್ ಬೇಕು, ನೀವೊಂದು ಬಿಲ್ ಹಾಕಿಬಿಡಿ, ಇಲ್ಲಾಂದ್ರೆ ಲೆವೆಲ್ ಹೋಗಿಬಿಡುತ್ತೆ." ಈ ಕ್ಲೋಸಿಂಗ್ ಒತ್ತಡಕ್ಕೆ ಬಗ್ಗಿದವರ ಮನೆಗೆ ಹೋಗಿ ನೋಡಿ, ಮಂಚದ ಕೆಳಗೆ ಡಬ್ಬಗಳು ಇರುತ್ತವೆ. ಪ್ರೋಟೀನ್ ಪುಡಿ ಎಕ್ಸ್‌ಪೈರಿ ಹತ್ತಿರ ಬಂದಿರುತ್ತದೆ, ಶಾಂಪೂ ಬಾಟಲಿ ಮೇಲೆ ಧೂಳು ಕೂತಿರುತ್ತದೆ. ಮಲಗುವ ಕೋಣೆಯಲ್ಲೇ ಸಾಲ ಕಣ್ಣಿಗೆ ಕಾಣುತ್ತಿದ್ದರೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವ ಮನಸ್ಸು ಎಲ್ಲಿಂದ ಬರಬೇಕು? ಹಾಗಾಗಿ ಒಂದು ನಿಯಮ ಮಾಡಿಕೊಳ್ಳಿ. ಗಿರಾಕಿ ಹೆಸರಿಲ್ಲದೆ ಬಿಲ್ ಹಾಕುವುದಿಲ್ಲ. ಅಪ್‌ಲೈನ್‌ಗೆ ವಿನಯವಾಗಿಯೇ ಹೇಳಿ, "ಸರ್, ಆರ್ಡರ್ ಬಂದಷ್ಟೇ ಹಾಕುತ್ತೇನೆ." ಒಳ್ಳೆಯ ಅಪ್‌ಲೈನ್ ಆದರೆ ಒಪ್ಪುತ್ತಾರೆ, ನಿಮ್ಮ ಜೊತೆ ಒಂದು ಡೆಮೊಗೆ ಬರುತ್ತಾರೆ. ಸಿಟ್ಟಾಗುವವರಾದರೆ ಅವರಿಗೆ ಬೇಕಿರುವುದು ಏನು ಅಂತ ನಿಮಗೂ ಗೊತ್ತಾಯಿತು.

ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿ, ದಿನಕ್ಕೊಂದು ಸಲ ನೋಡಿ. ಬೆಳಗ್ಗೆ ಐದಕ್ಕೆ ಬರುವ ಗುಡ್ ಮಾರ್ನಿಂಗ್ ಕೋಟ್‌ಗಳಿಂದ, ಯಾರದೋ ಗೋವಾ ಟ್ರಿಪ್ ಫೋಟೊಗಳಿಂದ ಕೆಲಸ ಆಗುವುದಿಲ್ಲ. ಅದರ ಬದಲು ನಿಮ್ಮ ಮಟ್ಟದಲ್ಲೇ ಇರುವ ಇಬ್ಬರು ಮೂವರನ್ನು ಹುಡುಕಿಕೊಳ್ಳಿ. ವಾರಕ್ಕೊಂದು ಸಲ ಯಾರದಾದರೂ ಮನೆಯಲ್ಲಿ ಕೂತು, ಈ ವಾರ ಯಾರ ಹತ್ತಿರ ಹೋದಿರಿ, ಏನಂದರು, ಎಷ್ಟು ಉಳಿಯಿತು ಅಂತ ಪುಸ್ತಕ ತೆರೆದು ಮಾತಾಡಿ. ನಿಜವಾದ ನಂಬರ್ ಹೇಳುವವರ ಜೊತೆ ಮಾತ್ರ ಕೂರಿ. "ನಿಮಗೆ ಆಗದಿದ್ದರೆ ನಿಮ್ಮ ಮನಸ್ಥಿತಿ ಸರಿಯಿಲ್ಲ" ಅಂತ ಪ್ರತಿಯೊಂದಕ್ಕೂ ನಿಮ್ಮನ್ನೇ ದೂರುವ ಕಡೆ ಇರಬೇಡಿ. ಸಾಮಾನು ದುಬಾರಿ ಇರಬಹುದು, ನಿಮ್ಮ ಬೀದಿಯಲ್ಲಿ ಈಗಾಗಲೇ ಹತ್ತು ಜನ ಅದನ್ನೇ ಮಾರುತ್ತಿರಬಹುದು. ಎಲ್ಲದಕ್ಕೂ ಮನಸ್ಸೇ ಕಾರಣ ಅನ್ನುವುದು ಸುಳ್ಳು.

ನಿಮ್ಮ ಕೆಳಗೆ ಯಾರಾದರೂ ಸೇರಿದ್ದರೆ ಇದೇ ಪ್ರೀತಿ ಅವರಿಗೂ ಇರಲಿ. ನಿಮ್ಮ ಪಾಯಿಂಟಿಗೋಸ್ಕರ ಅವರ ಕೈಯಲ್ಲಿ ಬಿಲ್ ಹಾಕಿಸಬೇಡಿ. ಮೊದಲ ಐದು ಡೆಮೊಗೆ ಜೊತೆಯಲ್ಲಿ ಹೋಗಿ, ಒಬ್ಬರು ಕಾಯಂ ಗಿರಾಕಿ ಸಿಗುವ ತನಕ ಕೈ ಬಿಡಬೇಡಿ. ತಾನು ಕರೆತಂದವಳು ಮೊದಲ ಸಲ 300 ರೂಪಾಯಿ ಲಾಭ ಎಣಿಸಿಕೊಂಡಿದ್ದನ್ನು ನೋಡಿದವರಿಗೆ ಆ ತಿಂಗಳು ಬೇರೆ ಮೋಟಿವೇಶನ್ ಬೇಕಾಗುವುದಿಲ್ಲ.

ನಿಲ್ಲಿಸುವ ತಾರೀಕು ಈಗಲೇ ಬರೆದಿಡಿ

ವಿಚಿತ್ರ ಅನ್ನಿಸಬಹುದು, ಆದರೆ ಮನಸ್ಸಿಗೆ ಅತಿ ದೊಡ್ಡ ನೆಮ್ಮದಿ ಕೊಡುವುದು ಇದೇ. ಪುಸ್ತಕದ ಮೊದಲ ಪುಟದಲ್ಲಿ ಒಂದು ತಾರೀಕು ಬರೆಯಿರಿ, ಆರು ತಿಂಗಳೋ ಒಂಬತ್ತು ತಿಂಗಳೋ ಆಮೇಲಿನದು. ಅದರ ಪಕ್ಕ ಎರಡು ಪ್ರಶ್ನೆ. ನಾನು ಕೇಳದೆಯೇ ಮತ್ತೆ ಆರ್ಡರ್ ಕೊಡುವ ಗಿರಾಕಿಗಳು ಹತ್ತು ಜನರಾದರೂ ಇದ್ದಾರಾ? ಕೊನೆಯ ಮೂರು ತಿಂಗಳಲ್ಲಿ ಖರ್ಚು ಕಳೆದು ದುಡ್ಡು ಉಳಿದಿದೆಯಾ? ಆ ತಾರೀಕಿನವರೆಗೆ ದಿನಾ ದಿನಾ "ಬಿಡಲಾ, ಮುಂದುವರಿಸಲಾ" ಅಂತ ಒದ್ದಾಡುವ ಕೆಲಸ ಇಲ್ಲ. ಕೆಟ್ಟ ದಿನ ಬಂದರೆ, ಇವತ್ತು ತೀರ್ಮಾನ ಮಾಡುವ ದಿನವಲ್ಲ ಅಂತ ಹೇಳಿಕೊಂಡು ಪಟ್ಟಿಯ ಮುಂದಿನ ಹೆಸರಿಗೆ ಫೋನ್ ಮಾಡಿ.

ಎರಡಕ್ಕೂ ಹೌದು ಅನ್ನುವ ಉತ್ತರ ಬಂದರೆ ಮುಂದಿನ ಆರು ತಿಂಗಳ ತಾರೀಕು ಬರೆದುಕೊಳ್ಳಿ. ಇಲ್ಲ ಅಂತ ಬಂದರೆ ಬಿಡಿ. ಬಿಡುವುದು ಅವಮಾನ ಅಲ್ಲ. ಈಗಷ್ಟೇ ಸೇರಿದ್ದರೆ ಒಪ್ಪಂದದಲ್ಲಿ ಕೂಲಿಂಗ್ ಆಫ್ ಅವಧಿ ಎಷ್ಟು ದಿನ ಅಂತ ನೋಡಿ, ಅಷ್ಟರೊಳಗೆ ದಂಡವಿಲ್ಲದೆ ಒಪ್ಪಂದ ಮುರಿಯಬಹುದು. ಒಡೆಯದ ಡಬ್ಬಗಳನ್ನು ಬಿಲ್ ಸಮೇತ ವಾಪಸ್ ಕೊಡಲು ಕಂಪನಿಗೆ ಇಮೇಲ್‌ನಲ್ಲೇ ಬರೆಯಿರಿ. ಬರಿ ಫೋನಲ್ಲಿ ಹೇಳಿ ಬಿಡಬೇಡಿ, ಅಪ್‌ಲೈನ್ ಮೂಲಕವೂ ಬೇಡ. ಪ್ರತಿ ಕಂಪನಿಯೂ ದೂರು ಪರಿಹಾರ ಅಧಿಕಾರಿಯನ್ನು ನೇಮಿಸಿರಬೇಕು, ಅವರ ವಿವರ ವೆಬ್‌ಸೈಟಿನಲ್ಲಿ ಇರಬೇಕು. ಅಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಿಮ್ಮ ಕಾಯಂ ಗಿರಾಕಿಗಳಿಗೆ ನೀವೇ ಹೋಗಿ ಹೇಳಿ, ಸಾಮಾನು ಮುಂದೆಯೂ ಬೇಕು ಅಂದವರ ನಂಬರನ್ನು ಅವರ ಒಪ್ಪಿಗೆ ಪಡೆದು ಟೀಮಿನ ನಂಬಿಕಸ್ತರೊಬ್ಬರಿಗೆ ಕೊಡಿ, ಬರಬೇಕಾದ ಬಾಕಿ ಅದೇ ದಿನ ವಸೂಲಿ ಮಾಡಿಕೊಳ್ಳಿ.